ಕರಿಕೆಯ ಬಾಗಿಲಿಗೆ ರೈಲು ಬರಬೇಕೇ? ಹಳಿ ಹಾಕಿಸುವುದು ಸರಕು

ಕೊಡಗು ಜಿಲ್ಲೆಯೊಳಗೆ ಇಂದಿಗೂ ಒಂದು ಕಿಲೋಮೀಟರ್ ರೈಲು ಹಳಿ ಇಲ್ಲ. ಪೂರ್ವಕ್ಕೆ ಮೈಸೂರು, ಉತ್ತರಕ್ಕೆ ಸಕಲೇಶಪುರ, ವಾಯವ್ಯಕ್ಕೆ ಸುಬ್ರಹ್ಮಣ್ಯ ರೋಡ್, ಪಶ್ಚಿಮದ ಕಡಲಂಚಿನಲ್ಲಿ ಕಾಞಂಗಾಡ್, ಕಣ್ಣೂರು, ತಲಶ್ಶೇರಿ. ನಿಲ್ದಾಣಗಳು ಜಿಲ್ಲೆಯನ್ನು ಸುತ್ತುವರಿದಿವೆ, ಒಳಗೆ ಮಾತ್ರ ಬಂದಿಲ್ಲ. ಭಾಗಮಂಡಲದಿಂದ ಪಟ್ಟಿಘಾಟ್ ಕಾಡಿನ ದಾರಿ ಹಿಡಿದು ಪಶ್ಚಿಮಕ್ಕೆ ಇಳಿದರೆ ಸಿಗುವ ಕರಿಕೆಗೆ ಈ ಕೊರತೆ ಉಳಿದ ಕೊಡಗಿಗಿಂತ ಬೇರೆ ಬಗೆಯಲ್ಲಿ ತಟ್ಟುತ್ತದೆ. ಕರಿಕೆಗೆ ತನ್ನ ಜಿಲ್ಲಾಕೇಂದ್ರ ಮಡಿಕೇರಿಗಿಂತ ಕೇರಳದ ಕಾಞಂಗಾಡ್ ಹತ್ತಿರ. ಗಡಿ ದಾಟಿದರೆ ಪಾಣತ್ತೂರು, ಅಲ್ಲಿಂದ ಸುಮಾರು 40 ಕಿ.ಮೀ. ಹೋದರೆ ಕಾಞಂಗಾಡ್ ನಿಲ್ದಾಣ. ಆ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮಾರ್ಗವಾಗಿ ಮಂಗಳೂರು–ಹಾಸನ ಹಳಿಯ ಮೇಲಿರುವ ಕಾಣಿಯೂರಿಗೆ ಸುಮಾರು 90 ಕಿ.ಮೀ. ಉದ್ದದ ಹೊಸ ರೈಲು ಮಾರ್ಗ ಬೇಕೆಂಬ ಬೇಡಿಕೆ ಎರಡು ದಶಕಗಳಿಂದ ಓಡಾಡುತ್ತಿದೆ. ಸಮೀಕ್ಷೆ ಮುಗಿದಿದೆ. ಕೇರಳ ಸರ್ಕಾರ ವೆಚ್ಚ ಹಂಚಿಕೊಳ್ಳಲು ಒಪ್ಪಿದೆ. 2022ರ ಸೆಪ್ಟೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಪಿಣರಾಯಿ ವಿಜಯನ್ ಬೆಂಗಳೂರಿನಲ್ಲಿ ಭೇಟಿಯಾದಾಗ, ಈ ಮಾರ್ಗದಿಂದ ರಾಜ್ಯಕ್ಕೆ ಪ್ರಯೋಜನವಿಲ್ಲ, ಅದು ಪಶ್ಚಿಮಘಟ್ಟದ ಜೀವವೈವಿಧ್ಯದ ನಡುವೆ ಹಾಯುತ್ತದೆ ಎಂದು ಕರ್ನಾಟಕ ಕೈಚೆಲ್ಲಿತು. ಅಲ್ಲಿಂದೀಚೆಗೆ ವಾದ ಎರಡೇ ಮಾತಿಗೆ ಇಳಿದಿದೆ. ಒಂದು ಕಡೆ ಅಭಿವೃದ್ಧಿ ಬೇಕು ಎನ್ನುವವರು, ಇನ್ನೊಂದು ಕಡೆ ಕಾಡು ಉಳಿಯಲಿ ಎನ್ನುವವರು. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಹಳಿಯ ಮೇಲೆ ಸಾಗುವ ಸರಕು ಯಾವುದು?

ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದುದಕ್ಕೆ ಕಾರಣವಿದೆ. ರೈಲೆಂದರೆ ನಮ್ಮ ಕಣ್ಣಿಗೆ ಬರುವುದು ಜನ ಹತ್ತುವ ಪ್ಲಾಟ್‌ಫಾರಂ. ಆದರೆ ಭಾರತೀಯ ರೈಲ್ವೆಯ ಆದಾಯದ ದೊಡ್ಡ ಪಾಲು, ಸುಮಾರು ಮೂರನೇ ಎರಡು ಭಾಗ, ಸರಕಿನಿಂದ ಬರುತ್ತದೆ. 2023–24ರಲ್ಲಿ ರೈಲ್ವೆ ಹೊತ್ತ ಸರಕು ಸುಮಾರು 159 ಕೋಟಿ ಟನ್. ಅದರಲ್ಲಿ ಅರ್ಧದಷ್ಟು ಕಲ್ಲಿದ್ದಲು. ಉಳಿದದ್ದರಲ್ಲಿ ಹೆಚ್ಚಿನದು ಅದಿರು, ಸಿಮೆಂಟು, ಉಕ್ಕು, ಧಾನ್ಯ, ಗೊಬ್ಬರ, ಪೆಟ್ರೋಲಿಯಂ. ಪ್ರಯಾಣಿಕರ ಟಿಕೆಟ್ ದರ ಖರ್ಚಿಗಿಂತ ಕಡಿಮೆ ಇರುವುದರಿಂದ ಆ ನಷ್ಟವನ್ನು ತುಂಬಿಕೊಡುವುದೂ ಇದೇ ಗೂಡ್ಸ್ ಗಾಡಿಗಳು. ಆದ್ದರಿಂದ ಒಂದು ಹೊಸ ಮಾರ್ಗ ಹುಟ್ಟುತ್ತದೆಯೋ ಇಲ್ಲವೋ, ಹುಟ್ಟಿದ ಮೇಲೆ ಬದುಕುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹೇರು. ಕರಿಕೆಯ ಎರಡೂ ಪಕ್ಕದಲ್ಲಿ ಈಗಾಗಲೇ ಇರುವ ಹಳಿಗಳ ಚರಿತ್ರೆ ಇದಕ್ಕೆ ಸಾಕ್ಷಿ.

ಪಶ್ಚಿಮದ ಹಳಿ ಹಳೆಯದು. ಮದ್ರಾಸ್ ರೈಲ್ವೆ ಕಂಪನಿ 1861ರಲ್ಲಿ ತಿರೂರಿನಿಂದ ಬೇಪೂರಿಗೆ ಹಳಿ ಹಾಕಿತು. ಮರುವರ್ಷ ಅದು ಮದ್ರಾಸಿಗೆ ಕೂಡಿಕೊಂಡಿತು. ಪೂರ್ವ ಕರಾವಳಿಯ ಬಂದರು ನಗರದಿಂದ ಹೊರಟ ಹಳಿ ಪಶ್ಚಿಮದಲ್ಲಿ ಮುಟ್ಟಿದ್ದೂ ಒಂದು ಬಂದರನ್ನೇ ಎಂಬುದನ್ನು ಗಮನಿಸಬೇಕು. ಅಲ್ಲಿಂದ ಉತ್ತರಕ್ಕೆ ಅದು ಬಂದದ್ದು ಬಹಳ ನಿಧಾನವಾಗಿ. 1888ರಲ್ಲಿ ಕೋಯಿಕ್ಕೋಡ್, ಮುಂದಿನ ಶತಮಾನದ ಮೊದಲ ವರ್ಷಗಳಲ್ಲಿ ತಲಶ್ಶೇರಿ ಮತ್ತು ಕಣ್ಣೂರು, ಆಮೇಲೆ ಕಾಞಂಗಾಡ್, ಕಾಸರಗೋಡು, 1907ರಲ್ಲಿ ಮಂಗಳೂರು. ದಾರಿಯಲ್ಲಿದ್ದ ಒಂದೊಂದು ಊರಿಗೂ ಅದರದೇ ಸರಕಿತ್ತು: ಕೋಯಿಕ್ಕೋಡಿನ ಕಲ್ಲಾಯಿಯಲ್ಲಿ ಮರ, ತಲಶ್ಶೇರಿಯಲ್ಲಿ ಮೆಣಸು ಮತ್ತು ಕಾಫಿ, ಮಂಗಳೂರಿನಲ್ಲಿ ಹೆಂಚು ಮತ್ತು ಕಾಫಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣು ದೇಶಾಂತರ ಹೋಗುವ ಸರಕಾಯಿತು. ಮಂಗಳೂರಿನ ಹಳಿ ಪ್ರಯಾಣಿಕರ ನಿಲ್ದಾಣಕ್ಕೆ ಬಂದು ನಿಲ್ಲಲಿಲ್ಲ. ಹಳೆ ಬಂದರಿನ ಪಕ್ಕದ ಬಂದರ್ ಗೂಡ್ಸ್ ಶೆಡ್‌ವರೆಗೂ ಚಾಚಿತು. ಅಂದಿನ ಕಾಞಂಗಾಡ್ ಮತ್ತು ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಕರಿಕೆ ಪ್ರತ್ಯೇಕ ಆಡಳಿತದ ಕೊಡಗಿಗೆ ಸೇರಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ, ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದಾಗ ಈ ಗಡಿ ಎರಡು ರಾಜ್ಯಗಳ ಗಡಿಯಾಯಿತು. ಮುಂದೆ ಹಳಿಯ ವೆಚ್ಚಕ್ಕೆ ಎರಡು ಸರ್ಕಾರಗಳ ಒಪ್ಪಿಗೆ ಬೇಕಾದದ್ದು ಹೀಗೆ.

ಕರಾವಳಿಗೆ ರೈಲು ಬಂದ ಕಾಲಕ್ಕೆ ಕೊಡಗಿನಲ್ಲಿ ಸರಕು ಇರಲಿಲ್ಲವೇ? ಧಾರಾಳವಾಗಿತ್ತು. 1854ರಲ್ಲಿ ಮಡಿಕೇರಿ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದ ಮೇಲೆ ಎರಡೇ ದಶಕಗಳಲ್ಲಿ ಕೊಡಗಿನ ಗುಡ್ಡಗಳ ರೂಪ ಬದಲಾಯಿತು. ಕಾಫಿ ಎತ್ತಿನ ಗಾಡಿಯಲ್ಲಿ ಪೆರುಂಬಾಡಿ ಘಾಟಿ ಇಳಿದು ತಲಶ್ಶೇರಿಗೂ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ ಹೋಗುತ್ತಿತ್ತು. ಕೊಡಗಿನ ಅಕ್ಕಿ ಮಲಬಾರಿಗೆ ಇಳಿಯುತ್ತಿತ್ತು, ಕರಾವಳಿಯ ಉಪ್ಪು, ಒಣಮೀನು ಮೇಲೇರುತ್ತಿದ್ದವು. ಹಾಲೇರಿ ಅರಸರ ಕಾಲದಲ್ಲಿ ಅಮರ ಸುಳ್ಯದ ಸೀಮೆ ಕೊಡಗಿನ ಆಳ್ವಿಕೆಗೇ ಸೇರಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದನ್ನು ಬೇರ್ಪಡಿಸಿ ಕೆನರಾಕ್ಕೆ ಸೇರಿಸಿದರು. ಘಟ್ಟದ ಮೇಲಿನ ನಾಡಿಗೂ ಕಡಲಿಗೂ ನಡುವಿನ ವ್ಯಾಪಾರ ಎಷ್ಟು ಹಳೆಯದು ಎಂಬುದು ಇದರಿಂದ ತಿಳಿಯುತ್ತದೆ. ಆದರೂ ಮೈಸೂರಿನಿಂದ ಕೊಡಗಿನ ಮೂಲಕ ತಲಶ್ಶೇರಿಗೆ ರೈಲು ಹಾಕುವ ಬ್ರಿಟಿಷರ ಕಾಲದ ಯೋಚನೆ ಕಾಗದ ಬಿಟ್ಟು ಏಳಲಿಲ್ಲ. ಕಾಫಿ ಬೆಲೆಬಾಳುವ ಸರಕು, ಆದರೆ ವರ್ಷದಲ್ಲಿ ಕೆಲವೇ ತಿಂಗಳು ಸಾಗುವಂಥದ್ದು. ಅದನ್ನು ಹೊರಲು ಗಾಡಿಗಳು, ಆಮೇಲೆ ಲಾರಿಗಳು ಸಾಕಾದವು. ಘಟ್ಟ ಕೊರೆದು ಹಳಿ ಹಾಕುವಷ್ಟು ತೂಕ ಅದರಲ್ಲಿರಲಿಲ್ಲ.

ಹಾಗಾದರೆ ಘಟ್ಟ ಕೊರೆಯುವಷ್ಟು ತೂಕ ಯಾವುದಕ್ಕಿತ್ತು? ಉತ್ತರ ಕರಿಕೆಯ ಉತ್ತರಕ್ಕಿರುವ ಎರಡನೆಯ ಹಳಿಯಲ್ಲಿದೆ. ಹಾಸನ–ಮಂಗಳೂರು ಮಾರ್ಗದ ಕೆಲಸ 1960ರ ದಶಕದಲ್ಲಿ ಆರಂಭವಾದಾಗ ಅದರ ಹಿಂದಿದ್ದ ಮುಖ್ಯ ಲೆಕ್ಕ ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು. ಪಣಂಬೂರಿನಲ್ಲಿ ಎಲ್ಲ ಋತುವಿಗೂ ಒದಗುವ ಹೊಸ ಬಂದರು ಏಳುತ್ತಿತ್ತು; ಬಂದರಿಗೆ ಒಳನಾಡಿನ ಹೇರು ಬೇಕಿತ್ತು, ಅದಿರಿಗೆ ಕಡಲು ಬೇಕಿತ್ತು. ನವಮಂಗಳೂರು ಬಂದರು 1974ರಲ್ಲಿ ದೇಶದ 9ನೇ ಪ್ರಧಾನ ಬಂದರಾಯಿತು. ಸುಮಾರು 189 ಕಿ.ಮೀ.ಗಳ ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ತಿಯಾಯಿತು. ಅದರ ನಡುವಿನ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಭಾಗ 55 ಕಿ.ಮೀ. ಮಾತ್ರ; ಆದರೆ ಅಷ್ಟರಲ್ಲೇ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಮೀಟರ್ ಸಾಗಿದರೆ 1 ಮೀಟರ್ ಏರುವ ಚಡಾವು. ರಸ್ತೆಯ ಮಟ್ಟಿಗೆ ಇದು ಏರೇ ಅಲ್ಲ. ನುಣುಪಾದ ಉಕ್ಕಿನ ಗಾಲಿ ನುಣುಪಾದ ಉಕ್ಕಿನ ಹಳಿಯ ಮೇಲೆ ಸಾವಿರಾರು ಟನ್ ಎಳೆಯುವಾಗ ಇದು ಕಡಿದಾದ ಏರು. ಅದಕ್ಕೇ ಇಲ್ಲಿ ಗಾಡಿಗೆ ಹಿಂದಿನಿಂದ ನೂಕುವ ಹೆಚ್ಚುವರಿ ಎಂಜಿನ್‌ಗಳು ಬೇಕು, ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿರಬೇಕು. ಘಾಟಿಯ ಬುಡದ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಯಾತ್ರಿಕರು ಕುಕ್ಕೆಯ ನಿಲ್ದಾಣವೆಂದೇ ಬಲ್ಲರು. ರೈಲ್ವೆಗೆ ಅದು ಭಾರದ ಗಾಡಿಗಳು ಘಟ್ಟ ಏರಲು ಸಿದ್ಧವಾಗುವ, ಇಳಿದು ಬಂದವು ಉಸಿರು ಬಿಡುವ ಠಾಣೆ.

ಆ ಹಳಿಯ ಮುಂದಿನ ಕಥೆ ನಮಗೆ ಇನ್ನೂ ಹೆಚ್ಚು ಕಲಿಸುತ್ತದೆ. ಬಂದರಿಗೆ ಅದಿರು ಬಂತು, ಆದರೆ ಬಹುಪಾಲು ಹಳಿಯ ಮೇಲೆ ಬರಲಿಲ್ಲ. ಕುದುರೆಮುಖದ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಸುವ ವ್ಯವಸ್ಥೆ 1980ರ ಹೊತ್ತಿಗೆ ಸಿದ್ಧವಾಯಿತು. ಮೀಟರ್ ಗೇಜ್ ಹಳಿ ಭಾರಕ್ಕೆ ಸೊರಗಿತು. 1990ರ ದಶಕದಲ್ಲಿ ಅದನ್ನು ಬ್ರಾಡ್ ಗೇಜ್‌ಗೆ ಬದಲಿಸಲು ಹೊರಟಾಗ ಪ್ರಯಾಣಿಕರ ಗಾಡಿಗಳು ನಿಂತವು, ಕೆಲಸ ಕುಂಟಿತು. ಅದಕ್ಕೆ ಮತ್ತೆ ಜೀವ ಬಂದದ್ದು 2000ದಲ್ಲಿ ರೈಲ್ವೆ, ರಾಜ್ಯ ಸರ್ಕಾರ, ಬಂದರು ಮತ್ತು ಖನಿಜ ಉದ್ಯಮದ ಪಾಲುದಾರಿಕೆಯಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿದ ಮೇಲೆ. ಅಂದರೆ ಸರಕಿನವರು ಹಣ ಹೂಡಿದ ಮೇಲೆ. 2006ರ ಮೇ ತಿಂಗಳಲ್ಲಿ ಗೂಡ್ಸ್ ಗಾಡಿ ಓಡಿತು. ಬೆಂಗಳೂರು–ಮಂಗಳೂರು ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಅದಿರು ಹತ್ತಿ ಹೋದ ಒಂದೂವರೆ ವರ್ಷದ ನಂತರ ಜನರ ಸರದಿ ಬಂತು. ಚೀನಾದ ಉಕ್ಕಿನ ಹಸಿವಿನಿಂದ ಆ ಕಾಲದಲ್ಲಿ ಅದಿರಿಗೆ ಬಂಗಾರದ ಬೆಲೆ ಇತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು, 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆಯೊಡ್ಡಿತು. ಹಳಿ ನಂಬಿದ್ದ ಹೇರು ಕೈತಪ್ಪಿತು. ಮಂಗಳೂರಿನ ತೈಲಾಗಾರದ ಪೆಟ್ರೋಲು, ಡೀಸೆಲ್ಲು ಅದಕ್ಕೂ ಮೊದಲೇ, 2003ರಲ್ಲಿ, ಹಾಸನದ ಮೂಲಕ ಬೆಂಗಳೂರಿಗೆ ಹೋಗುವ 360 ಕಿ.ಮೀ.ಗೂ ಉದ್ದದ ಕೊಳವೆಗೆ ಇಳಿದಿದ್ದವು. ಸರಕಿಗೆ ಹಳಿಯ ಮೇಲೆ ಮೋಹವಿಲ್ಲ. ಅಗ್ಗದ ದಾರಿ ಸಿಕ್ಕಿದೊಡನೆ ಅದು ಆ ಕಡೆ ತಿರುಗುತ್ತದೆ. ಬಂದರು, ಗಣಿ, ತೈಲಾಗಾರ ಮೂರನ್ನೂ ನಂಟು ಹಾಕಿಕೊಂಡ ಹಳಿಗೇ ಈ ಗತಿಯಾದರೆ, ಕಾಞಂಗಾಡ್–ಪಾಣತ್ತೂರು–ಕಾಣಿಯೂರು ಹಳಿಗೆ ಆಸರೆ ಯಾವುದು?

ಸೀಮೆಯ ಬೆಳೆಯನ್ನೇ ತೂಗಿ ನೋಡೋಣ. ಕರಿಕೆಯ ಸುತ್ತ ರಬ್ಬರ್, ಅಡಿಕೆ, ಕಾಳುಮೆಣಸು, ತೆಂಗು, ಗೇರು. ಘಟ್ಟದ ಮೇಲೆ ಕಾಫಿ, ಏಲಕ್ಕಿ. ಸುಳ್ಯದ ಕಡೆ ಅಡಿಕೆ ಮತ್ತು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು. ಇವುಗಳಲ್ಲಿ ಅತಿ ದೊಡ್ಡ ಲೆಕ್ಕ ಕಾಫಿಯದು. ದೇಶದ ಕಾಫಿ ಉತ್ಪಾದನೆ ವರ್ಷಕ್ಕೆ ಸುಮಾರು 3.5 ಲಕ್ಷ ಟನ್; ಅದರಲ್ಲಿ ಮೂರನೇ ಒಂದು ಭಾಗ ಕೊಡಗಿನದು ಎಂದರೆ ಸುಮಾರು 1.2 ಲಕ್ಷ ಟನ್. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ಣ ಗೂಡ್ಸ್ ಗಾಡಿ 2,500 ಟನ್ ಇಲ್ಲವೇ ಅದಕ್ಕೂ ಹೆಚ್ಚು ಹೊರುತ್ತದೆ. ಭಾಗಿಸಿದರೆ ಇಡೀ ಕೊಡಗಿನ ಇಡೀ ವರ್ಷದ ಕಾಫಿ 48 ಗಾಡಿಗಳಲ್ಲಿ ಮುಗಿದುಹೋಗುತ್ತದೆ. ವಾರಕ್ಕೊಂದು ಗಾಡಿಯೂ ಆಗುವುದಿಲ್ಲ. ಅದರಲ್ಲೂ ಬಹುಪಾಲು ಕಾಫಿ ಪೂರ್ವಕ್ಕೆ, ಕುಶಾಲನಗರ ಮತ್ತು ಹುಣಸೂರಿನ ಕ್ಯೂರಿಂಗ್ ವರ್ಕ್ಸ್ ಕಡೆಗೆ ಹೋಗುತ್ತದೆ. ಕರಿಕೆಯ ದಾರಿ ಹಿಡಿಯುವುದಿಲ್ಲ. ಮೆಣಸು, ಏಲಕ್ಕಿ, ಅಡಿಕೆ ಬೆಲೆಯಲ್ಲಿ ಭಾರ, ತೂಕದಲ್ಲಿ ಹಗುರ. ಬೆಳೆಗಾರ ಬೆಲೆ ನೋಡಿಕೊಂಡು ಇಂದು ಎರಡು ಮೂಟೆ, ಮುಂದಿನ ತಿಂಗಳು ನಾಲ್ಕು ಮೂಟೆ ಮಾರುತ್ತಾನೆ. ಇಂಥ ಸರಕಿಗೆ ತೋಟದ ಗೇಟಿಗೇ ಬರುವ ಪಿಕಪ್ ಜೀಪು ಬೇಕು. ಅಂಗಳದಿಂದ ನಿಲ್ದಾಣಕ್ಕೆ, ಲಾರಿಯಿಂದ ವ್ಯಾಗನ್ನಿಗೆ, ವ್ಯಾಗನ್ನಿಂದ ಮತ್ತೆ ಲಾರಿಗೆ ಎಂದು ಎರಡೆರಡು ಸಲ ಹೊತ್ತು ಇಳಿಸುವ ಕೂಲಿಯಲ್ಲೇ ರೈಲಿನ ಅಗ್ಗದ ಬಾಡಿಗೆಯ ಲಾಭ ಕರಗುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಕಾಫಿಗಾಗಿಯೇ ಬೆಟ್ಟ ಹತ್ತಿದ ರೈಲುಗಳು ಜಗತ್ತಿನಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ. ಸಿಲೋನಿನ ಕಾಫಿ ತೋಟಗಾರರ ಒತ್ತಾಯದಿಂದ ಹುಟ್ಟಿದ ಕೊಲಂಬೊ–ಕ್ಯಾಂಡಿ ಮಾರ್ಗ 1867ರಲ್ಲಿ ತೆರೆಯಿತು. ಅದೇ ವರ್ಷ ಬ್ರೆಜಿಲ್‌ನಲ್ಲಿ ಸಾವೊ ಪೌಲೊ ಸೀಮೆಯ ಕಾಫಿಯನ್ನು ಸ್ಯಾಂಟೊಸ್ ಬಂದರಿಗೆ ಇಳಿಸುವ ಹಳಿ ಸಿದ್ಧವಾಯಿತು. ಆದರೆ ಅಂದು ಆ ಹಳಿಗಳ ಎದುರು ನಿಂತಿದ್ದವು ಎತ್ತಿನ ಗಾಡಿಗಳು, ಹೇಸರಗತ್ತೆಗಳು. ಲಾರಿ ಇನ್ನೂ ಹುಟ್ಟಿರಲಿಲ್ಲ. ಬ್ರೆಜಿಲ್‌ನ ಬೆಳೆಯ ಗಾತ್ರವೂ ಬೇರೆ. ಸಿಲೋನಿನ ಅನುಭವ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ರೈಲು ತೆರೆದು ಎರಡೇ ವರ್ಷಕ್ಕೆ, 1869ರಲ್ಲಿ, ಎಲೆ ತುಕ್ಕು ರೋಗ ಅಲ್ಲಿನ ಕಾಫಿಗೆ ತಗುಲಿತು. ಮುಂದಿನ ಎರಡು ದಶಕಗಳಲ್ಲಿ ಕಾಫಿ ತೋಟಗಳು ಹೆಚ್ಚುಕಡಿಮೆ ಅಳಿದವು. ಆ ಹಳಿ ಉಳಿದದ್ದು ಅದೇ ಬೆಟ್ಟಗಳಲ್ಲಿ ಚಹಾ ಎದ್ದು ನಿಂತದ್ದರಿಂದ. ಒಂದೇ ಬೆಳೆಯನ್ನು ನೆಚ್ಚಿದ ಮಾರ್ಗಕ್ಕೆ ಇಂಥ ಎರಡನೆಯ ಅದೃಷ್ಟ ಎಲ್ಲ ಕಡೆಯೂ ಕಾದಿರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಮಾನವೀಯವಾದದ್ದು. ಸರಕಿನ ಲೆಕ್ಕ ಬಿಡಿ, ಜನರ ಕಷ್ಟ ನೋಡಿ ಎನ್ನುತ್ತಾರೆ. ಕರಿಕೆಯವರು ಸರ್ಕಾರಿ ಕಚೇರಿಗೆಂದು ಕಾಡಿನ ರಸ್ತೆಯಲ್ಲಿ ಮಡಿಕೇರಿಗೆ ಹೋಗಬೇಕು, ದೊಡ್ಡ ಆಸ್ಪತ್ರೆಗೆಂದು ಕಾಞಂಗಾಡಿಗೋ ಮಂಗಳೂರಿಗೋ ಓಡಬೇಕು. ಉತ್ತರ ಮಲಬಾರಿನಿಂದ ಬೆಂಗಳೂರಿಗೆ ಹೋಗುವವರು ಮಂಗಳೂರು ಅಥವಾ ಪಾಲಕ್ಕಾಡಿನ ಸುತ್ತು ಹಾಕುವುದೂ ಸುಳ್ಳಲ್ಲ. ಈ ಕಷ್ಟಗಳು ನಿಜ, ಅವಕ್ಕೆ ಪರಿಹಾರ ಸಿಗಲೇಬೇಕು. ಆದರೆ ಈ ಹಳಿ ಆ ಪರಿಹಾರ ಕೊಡುತ್ತದೆಯೇ ಎಂದು ಭೂಪಟ ಬಿಡಿಸಿ ನೋಡಬೇಕು. ಹೊಸ ಮಾರ್ಗ ಕೂಡಿಕೊಳ್ಳುವ ಕಾಣಿಯೂರು ಘಟ್ಟದ ಕೆಳಗಿದೆ, ಸುಬ್ರಹ್ಮಣ್ಯ ರೋಡಿಗೂ ಪುತ್ತೂರಿಗೂ ನಡುವೆ. ಅಲ್ಲಿಂದ ಬೆಂಗಳೂರಿನ ಗಾಡಿ ಮತ್ತೆ ಅದೇ 55 ಕಿ.ಮೀ. ಘಾಟಿಯನ್ನು, ಅದೇ ಒಂಟಿ ಹಳಿಯನ್ನು, ಅದೇ ಚಡಾವನ್ನು ಏರಬೇಕು. ಇರುವ ಗಾಡಿಗಳಿಗೇ ಅಲ್ಲಿ ಸರದಿ ಸಾಲದು. ಕೆಳಗೆ ಎಷ್ಟು ಹಳಿ ಸೇರಿಸಿದರೂ ಮೇಲಿನ ಕುತ್ತಿಗೆ ಸಣ್ಣದಾಗಿದ್ದರೆ ಹೆಚ್ಚು ಗಾಡಿ ಓಡಿಸಲಾಗದು. ಕಾಞಂಗಾಡಿನವರಿಗೆ ಸಮಯದ ಉಳಿತಾಯವೆಂದು ಕಂಡದ್ದು ಸಕಲೇಶಪುರದ ಕೆಳಗೆ ಕಾಯುವುದರಲ್ಲಿ ಕಳೆದುಹೋಗಬಹುದು. ಇನ್ನು ಕರಿಕೆಯ ರೋಗಿಗೆ ಬೇಕಾದದ್ದು ನಡುರಾತ್ರಿಯಲ್ಲೂ ಸಿಗುವ ಆಂಬುಲೆನ್ಸ್ ಮತ್ತು ಗುಂಡಿಯಿಲ್ಲದ ರಸ್ತೆ. ದಿನಕ್ಕೆ ಒಂದೆರಡು ಸಲ ಪಾಣತ್ತೂರಿನಲ್ಲಿ ನಿಲ್ಲುವ ರೈಲು ಆ ಕೆಲಸ ಮಾಡಲಾರದು.

ಹಳಿ ಹಾಕಿದರೆ ಸರಕು ತಾನಾಗಿ ಬರುತ್ತದೆ ಎನ್ನುವವರೂ ಇದ್ದಾರೆ. ಕೆಲವು ಕಡೆ ಹಾಗೆ ಆದದ್ದುಂಟು. ಆದರೆ ಬಯಲು ಸೀಮೆಯಲ್ಲಿ ಹಳಿಯ ಪಕ್ಕ ಕಾರ್ಖಾನೆ, ಗೋದಾಮು, ಊರು ಬೆಳೆಯುವುದಕ್ಕೆ ಸಮತಟ್ಟಾದ ನೆಲವಿರುತ್ತದೆ. ಪಾಣತ್ತೂರಿನಿಂದ ಸುಳ್ಯದವರೆಗಿನ ನೆಲ ಗುಡ್ಡ, ಕಣಿವೆ, ಹೊಳೆ. ಚಂದ್ರಗಿರಿ ಮತ್ತು ಪಯಸ್ವಿನಿಯ ಮೇಲ್ದಂಡೆ ಇದೇ. ಇಂಥ ಕಡೆ ಗೂಡ್ಸ್ ಗಾಡಿ ತುಂಬುವಷ್ಟು ದಿನವೂ ಸಿಗಬಹುದಾದ ವಸ್ತು ಒಂದೇ: ಕಲ್ಲು. ಕರಿಗಲ್ಲು, ಮುರಕಲ್ಲು, ಜಲ್ಲಿ, ಎಂ-ಸ್ಯಾಂಡ್. ಮನೆ ಕಟ್ಟುವ ಸಾಮಗ್ರಿಗೆ ಎರಡೂ ರಾಜ್ಯಗಳ ನಗರಗಳಲ್ಲಿ ತೀರದ ಬೇಡಿಕೆ ಇದೆ. ರೈಲಿಗೆ ಆದಾಯ ತರಲು ಗುಡ್ಡವನ್ನೇ ಕಡಿದು ತುಂಬಬೇಕಾದೀತು. ಊರಿಗೆ ಅನುಕೂಲವಾಗಲೆಂದು ಬಂದ ಹಳಿ ಊರಿನ ನೆಲವನ್ನೇ ಸರಕು ಮಾಡಿಕೊಂಡರೆ ಅದು ಯಾವ ಅಭಿವೃದ್ಧಿ? ಲಾರಿಗಿಂತ ರೈಲು ಕಡಿಮೆ ಇಂಧನದಲ್ಲಿ ಹೆಚ್ಚು ಭಾರ ಒಯ್ಯುತ್ತದೆ, ಗಾಳಿಗೆ ಕಡಿಮೆ ಹೊಗೆ ಬಿಡುತ್ತದೆ ಎಂಬ ಮಾತೂ ಇಲ್ಲಿ ಬರುತ್ತದೆ. ಅದು ಸತ್ಯ, ಆದರೆ ಪೂರ್ತಿ ತುಂಬಿದ ಗಾಡಿ ಸಮತಟ್ಟಾದ ದಾರಿಯಲ್ಲಿ ಓಡುವಾಗಿನ ಸತ್ಯ. ಅರ್ಧ ಖಾಲಿ ಗಾಡಿಗಾಗಿ ಸುರಂಗ ಕೊರೆದು, ಗುಡ್ಡ ಸೀಳಿ, ಕಾಂಕ್ರೀಟು ಸುರಿದಾಗ ಆ ಉಳಿತಾಯದಿಂದ ಅದರ ಹೊರೆ ತೀರಿಸಲು ತಲೆಮಾರುಗಳು ಬೇಕು.

ಹಾಗೆಂದ ಮಾತ್ರಕ್ಕೆ ಪಶ್ಚಿಮಘಟ್ಟದಲ್ಲಿ ರೈಲೇ ಬೇಡ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಈ ಪ್ರಸ್ತಾವಿತ ಮಾರ್ಗ ಘಟ್ಟದ ನೆತ್ತಿ ದಾಟುವುದಿಲ್ಲ. ತಪ್ಪಲಿನ ಗುಡ್ಡಗಳ ನಡುವೆ ಸಾಗುತ್ತದೆ. ಬಂಡೀಪುರ, ನಾಗರಹೊಳೆ ಸೀಳುವ ಮಾರ್ಗಗಳ ಪ್ರಸ್ತಾವಗಳ ಜೊತೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಈ ನೆಲ ಕೊಟ್ಟ ಎಚ್ಚರಿಕೆಗಳನ್ನು ಕಡೆಗಣಿಸುವುದು ಅಪಾಯ. 2018ರ ಆಗಸ್ಟಿನ ಮಳೆಗೆ ಮಕ್ಕಂದೂರು, ಮದೆನಾಡು, ಜೋಡುಪಾಲ ಕುಸಿದವು. ಅದೇ ಮಳೆಗೆ ಸಕಲೇಶಪುರ ಘಾಟಿಯ ಹಳಿಯ ಮೇಲೂ ಮಣ್ಣು ಜರಿದು ವಾರಗಟ್ಟಲೆ ರೈಲು ನಿಂತಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಜೀವ ಹೋಯಿತು. 2022ರ ಜೂನ್–ಜುಲೈನಲ್ಲಿ ಚೆಂಬು, ಸಂಪಾಜೆ, ಕರಿಕೆ ಭಾಗದಲ್ಲಿ ಒಂದರ ಹಿಂದೊಂದು ಲಘು ಭೂಕಂಪನ ದಾಖಲಾಯಿತು. 2024ರ ಜುಲೈ 26ರಂದು ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಇಂಥ ಸೀಮೆಯಲ್ಲಿ ಹಳಿ ಕಟ್ಟುವುದು ಎಷ್ಟು ಖರ್ಚೋ, ಪ್ರತಿ ಮಳೆಗಾಲದಲ್ಲೂ ಅದನ್ನು ಉಳಿಸಿಕೊಳ್ಳುವುದು ಅಷ್ಟೇ ಖರ್ಚು. ಆ ಖರ್ಚು ತೆರುವಷ್ಟು ಆದಾಯವಿದ್ದರೆ ಹಳಿಯ ಮೇಲೆ ಕಾವಲು ಇರುತ್ತದೆ, ದುರಸ್ತಿ ನಡೆಯುತ್ತದೆ. ಆದಾಯವಿಲ್ಲದ ಘಾಟಿ ಮಾರ್ಗದಲ್ಲಿ ಮೊದಲು ಸೊರಗುವುದು ಸುರಕ್ಷತೆಯೇ. ಹಾಗಾಗಿ ಸರಕಿನ ಪ್ರಶ್ನೆಯೂ ಪರಿಸರದ ಪ್ರಶ್ನೆಯೂ ಬೇರೆಬೇರೆಯಲ್ಲ.

ಕರ್ನಾಟಕ ಸರ್ಕಾರದ ನಿಲುವಿನಲ್ಲೂ ಒಂದು ಕೊರತೆ ಇದೆ. ರಾಜ್ಯಕ್ಕೆ ಪ್ರಯೋಜನವಿಲ್ಲ ಎಂಬುದು ತೀರ್ಪು; ಆ ತೀರ್ಪಿಗೆ ಆಧಾರವಾದ ಲೆಕ್ಕವನ್ನೂ ಜನರ ಮುಂದಿಡಬೇಕು. ಸುಳ್ಯದವರಿಗೂ ಕರಿಕೆಯವರಿಗೂ ರಾಜಧಾನಿಯ ಒಂದು ಸಾಲಿನ ನಿರಾಕರಣೆ ಸಾಲದು. ಯಾವ ಸರಕು, ಎಷ್ಟು ಟನ್, ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ, ವರ್ಷದ ಯಾವ ತಿಂಗಳಲ್ಲಿ ಎಂಬುದನ್ನು ಎರಡೂ ರಾಜ್ಯಗಳು ಮತ್ತು ರೈಲ್ವೆ ಸೇರಿ ಸ್ಥಳೀಯ ಭಾಷೆಗಳಲ್ಲಿ ಪ್ರಕಟಿಸಲಿ. ಆ ಲೆಕ್ಕ ನನ್ನ ವಾದವನ್ನು ಸುಳ್ಳಾಗಿಸಿ, ಕಲ್ಲು ಹೊರತುಪಡಿಸಿಯೂ ಹಳಿಗೆ ಸಾಕಷ್ಟು ಹೇರು ಇದೆ ಎಂದು ತೋರಿಸಿದರೆ, ಆಗ ಮಾರ್ಗದ ಬಗ್ಗೆ ಮತ್ತೆ ಯೋಚಿಸಬೇಕಾದದ್ದು ನ್ಯಾಯ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಕುಶಾಲನಗರಕ್ಕೆ ಬರಬೇಕಾದ ಸುಮಾರು 87 ಕಿ.ಮೀ. ಮಾರ್ಗಕ್ಕೂ ಇದೇ ಅಳತೆಗೋಲು ಅನ್ವಯಿಸಲಿ. ಆ ಮಾರ್ಗದ ಪಾಲಿಗೆ ಬಯಲು ನೆಲ, ತಂಬಾಕು, ಕಾಫಿ ಕ್ಯೂರಿಂಗ್ ಮತ್ತು ಗೊಬ್ಬರದ ಹೇರು ಇವೆ. ಕರಿಕೆಯ ಕಡೆಗೆ ಅಷ್ಟು ಬಲವಾದ ಸಾಕ್ಷ್ಯ ಕಾಣುತ್ತಿಲ್ಲ.

ಈ ನಡುವೆ ಮಾಡಬಹುದಾದ ಕೆಲಸಗಳು ಕಣ್ಣೆದುರೇ ಇವೆ. ಮೊದಲನೆಯದು ಭಾಗಮಂಡಲ–ಕರಿಕೆ–ಪಾಣತ್ತೂರು ರಸ್ತೆ. ಅದನ್ನು ಕಾಡು ಕಡಿದು ಹೆದ್ದಾರಿ ಮಾಡುವ ಅಗತ್ಯವಿಲ್ಲ. ಚರಂಡಿ, ತಡೆಗೋಡೆ, ಇಳಿಜಾರಿನ ರಕ್ಷಣೆ, ಮೋರಿಗಳ ದುರಸ್ತಿ ಆದರೆ ಮಳೆಗಾಲದಲ್ಲೂ ಬಸ್ಸು, ಆಂಬುಲೆನ್ಸ್, ಪಿಕಪ್ ನಿಲ್ಲದೆ ಓಡಬಲ್ಲವು. ಎರಡನೆಯದು, ಕೊಡಗನ್ನು ಸುತ್ತುವರಿದ ನಿಲ್ದಾಣಗಳಲ್ಲಿ ಸಣ್ಣ ಬೆಳೆಗಾರನ ಸರಕಿಗೂ ಜಾಗ. ಇಡೀ ಗಾಡಿ ತುಂಬಿಸಬಲ್ಲವನಿಗೆ ಮಾತ್ರ ರೈಲು ಎಂಬ ಪದ್ಧತಿ ಇರುವವರೆಗೆ ಹತ್ತು ಮೂಟೆ ಮೆಣಸಿನವನಿಗೆ ನಿಲ್ದಾಣ ಇದ್ದೂ ಇಲ್ಲದಂತೆ. ಖಾಸಗಿ ಹೂಡಿಕೆಗೆ ಅವಕಾಶ ಕೊಡುವ ಗತಿಶಕ್ತಿ ಕಾರ್ಗೊ ಟರ್ಮಿನಲ್ ನೀತಿಯನ್ನು ರೈಲ್ವೆ 2021ರಲ್ಲಿ ತಂದಿದೆ. ಕಾಞಂಗಾಡ್, ಪುತ್ತೂರು, ಸುಬ್ರಹ್ಮಣ್ಯ ರೋಡ್ ಕಡೆ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗಳು ಬಿಡಿಬಿಡಿ ಮೂಟೆಗಳನ್ನು ಒಟ್ಟುಗೂಡಿಸಿ ಕಂಟೇನರ್ ತುಂಬುವ ವ್ಯವಸ್ಥೆ ಮಾಡಿದರೆ ಹೊಸ ಹಳಿಯಿಲ್ಲದೆಯೇ ಕರಿಕೆಯ ಬೆಳೆ ರೈಲು ಹತ್ತುತ್ತದೆ. ಮೂರನೆಯದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಹೊಸ ಮಾರ್ಗಕ್ಕೆ ಬೇಕಾದ ಹಣದ ಒಂದು ಪಾಲನ್ನು ಅಲ್ಲಿನ ಇಳಿಜಾರುಗಳ ರಕ್ಷಣೆಗೆ, ಗಾಡಿಗಳು ಒಂದನ್ನೊಂದು ದಾಟುವ ಠಾಣೆಗಳ ಸುಧಾರಣೆಗೆ ಹಾಕಿದರೆ ಅದರ ಫಲ ಮಂಗಳೂರಿಗೂ, ಸುಳ್ಯಕ್ಕೂ, ಕಾಸರಗೋಡಿಗೂ ಒಟ್ಟಿಗೆ ಸಿಗುತ್ತದೆ.

ಚುನಾವಣೆ ಬಂದಾಗ ರೈಲಿನ ಭರವಸೆ ಕೊಡುವುದು ಸುಲಭ. ಹಳಿಯ ಕನಸು ಯಾರಿಗೂ ಬೇಡವಾಗಿರುವುದಿಲ್ಲ. ಕರಿಕೆಯ, ಸುಳ್ಯದ, ಪಾಣತ್ತೂರಿನ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಯಾರಾದರೂ ನಿಮ್ಮೂರಿಗೆ ರೈಲು ತರುತ್ತೇವೆ ಎಂದರೆ, ಅದರ ಮೇಲೆ ಏನನ್ನು ಹೊರಿಸುತ್ತೀರಿ ಎಂದು ಕೇಳಿ. ಉತ್ತರವನ್ನು ಟನ್ ಲೆಕ್ಕದಲ್ಲಿ, ಬರಹದಲ್ಲಿ ಕೇಳಿ. ಅದು ಸಿಗುವವರೆಗೆ ರಸ್ತೆ, ಆಂಬುಲೆನ್ಸ್ ಮತ್ತು ಹತ್ತಿರದ ನಿಲ್ದಾಣದಲ್ಲೊಂದು ಗೂಡ್ಸ್ ಶೆಡ್ ಇವನ್ನೇ ಪಟ್ಟುಹಿಡಿದು ಪಡೆಯಿರಿ.